ನಾಟಿ ಹೇಂಟೆಗಳ ಒಡ್ಡಿಗೆ ಕಂಡ ಕೋಳಿಯನ್ನೆಲ್ಲ ಸೇರಿಸಬೇಡಿ

ಹೊಸನಗರ ತಾಲೂಕಿನ ಒಂದು ಮನೆಯ ಹಿತ್ತಲಲ್ಲಿ ಹೋದ ಮಳೆಗಾಲದಲ್ಲಿ ಆದದ್ದು ಇದು. 9 ನಾಟಿ ಹೇಂಟೆ, 1 ಹುಂಜ ವರ್ಷಗಳಿಂದ ಆರಾಮಾಗಿದ್ದವು. ಜೂನ್‌ನಲ್ಲಿ ಮರಿ ಗಾಡಿಯಿಂದ 5 ವಾರದ 15 ಗಿರಿರಾಜ (ಭಾರದ ಮಿಶ್ರತಳಿ) ಮರಿ ಬಂದವು, ಅದೇ ವಾರ ಸಂತೆಯಿಂದ 4 ಕಡಕನಾಥ್ (ಕಪ್ಪು ಮಾಂಸದ ತಳಿ). "ಎಲ್ಲಾ ಲಸಿಕೆ ಆಗಿದೆ ಅಕ್ಕಾ" ಎಂದಿದ್ದ ಗಾಡಿಯವನು. ಯಾವ ಲಸಿಕೆ, ಯಾವತ್ತು ಹಾಕಿದ್ದು ಎಂದು ಮನೆಯವರು ಕೇಳಲಿಲ್ಲ. ತಂದ ದಿನ ಸಂಜೆಯೇ ಅವನ್ನು ಹಳೆಯವುಗಳ ಒಡ್ಡಿಗೇ ಕೂಡಿದರು. ಆಗಸ್ಟ್ ಮುಗಿಯುವಾಗ 29ರಲ್ಲಿ ಉಳಿದದ್ದು 7.

ಕೇಳಿದವರೆಲ್ಲ "ಮಳೆಗೆ ಹೋದವು" ಅಂದರು. ಮಳೆ ಪ್ರತಿ ವರ್ಷವೂ ಬರುತ್ತದೆ, ಆ 10 ಕೋಳಿ ಎಷ್ಟೋ ಮಳೆಗಾಲ ಕಂಡಿದ್ದವು. ಬೇರೆ ಬೇರೆ ವಯಸ್ಸಿನ, ಬೇರೆ ಬೇರೆ ಕಡೆಯ, ಬೇರೆ ಬೇರೆ ತೂಕದ ಕೋಳಿಗಳನ್ನು ಒಂದೇ ಮಾಡಿನಡಿ ಕೂಡಿದ್ದೇ ಈ ಸಾವಿಗೆ ಕಾರಣ. ನಮ್ಮ ಕಡೆ ಇದು ಮತ್ತೆ ಮತ್ತೆ ಆಗುತ್ತಿದೆ, ಅದಕ್ಕೇ ಎಲ್ಲಿ ತಪ್ಪುತ್ತದೆ ಎಂದು ಬಿಡಿಸಿ ಬರೆಯಬೇಕಾಗಿದೆ.

ಮೊದಲು ಹೋದದ್ದು ಗಿರಿರಾಜ ಮರಿಗಳು, ರಕ್ತಬೇಧಿಯಿಂದ. ಮರಿ ರೆಕ್ಕೆ ಇಳಿಬಿಟ್ಟು, ಪುಕ್ಕ ಉಬ್ಬಿಸಿ ಮೂಲೆಯಲ್ಲಿ ನಿಲ್ಲುತ್ತದೆ. ಹಿಕ್ಕೆಯಲ್ಲಿ ಮೊದಲು ಕಂದು ಲೋಳೆ, ಮರುದಿನ ಕೆಂಪು ರಕ್ತ. ಈ ರೋಗದ ಪರೋಪಜೀವಿ ದೊಡ್ಡ ನಾಟಿ ಕೋಳಿಯ ಕರುಳಲ್ಲಿ ಅದಕ್ಕೇನೂ ತೊಂದರೆ ಕೊಡದೆ ಇರಬಲ್ಲದು. ಚಿಕ್ಕಂದಿನಿಂದ ಸ್ವಲ್ಪ ಸ್ವಲ್ಪವೇ ಸೋಂಕಿ ಅದಕ್ಕೆ ತಡೆಯುವ ಶಕ್ತಿ ಬಂದಿರುತ್ತದೆ. ಆದರೆ ಹಿಕ್ಕೆಯಲ್ಲಿ ಅದರ ಮೊಟ್ಟೆ ಬೀಳುತ್ತಲೇ ಇರುತ್ತದೆ. ನೆಲದ ಹೊಟ್ಟು ಒದ್ದೆಯಾಗಿ ಬೆಚ್ಚಗಿದ್ದರೆ ಒಂದೆರಡು ದಿನದಲ್ಲಿ ಆ ಮೊಟ್ಟೆ ರೋಗ ಹತ್ತಿಸುವಷ್ಟು ಬಲಿಯುತ್ತದೆ. ಇದನ್ನು ಕಂಡೇ ಇರದ ಮರಿಯನ್ನು ಅದೇ ನೆಲಕ್ಕೆ ಬಿಟ್ಟರೆ ಒಂದು ವಾರ ಸಾಕು.

ಭತ್ತದ ಹೊಟ್ಟನ್ನು 2–3 ಇಂಚು ಹಾಸಿ, ಮಳೆಗಾಲದಲ್ಲಿ ದಿನಾ ಕೆದಕಿ. ಒಂದು ಹಿಡಿ ಹೊಟ್ಟನ್ನು ಮುಷ್ಟಿಯಲ್ಲಿ ಒತ್ತಿ ಬಿಡಿ. ಉಂಡೆಯಾಗಿ ನಿಂತರೆ ಒದ್ದೆ ಹೆಚ್ಚಾಗಿದೆ, ತೆಗೆದು ಬೇರೆ ಹಾಕಿ. ಒಡ್ಡಿಯೊಳಗೆ ಹೆಚ್ಚು ಒದ್ದೆಯಾಗುವುದು ನೀರಿನ ಪಾತ್ರೆಯ ಸುತ್ತ. ಪಾತ್ರೆಯನ್ನು ಮರಿಯ ಬೆನ್ನಿನ ಎತ್ತರಕ್ಕೆ ಇಟ್ಟಿಗೆಯ ಮೇಲಿಟ್ಟರೆ ಚೆಲ್ಲುವುದು ಕಡಿಮೆಯಾಗುತ್ತದೆ. ರಕ್ತ ಕಂಡ ದಿನವೇ ಆಂಪ್ರೋಲಿಯಂ ಎಂಬ ಔಷಧ ತಂದು, ಪೊಟ್ಟಣದ ಮೇಲಿನ ಪ್ರಮಾಣದಂತೆ 5ರಿಂದ 7 ದಿನ ಕುಡಿಯುವ ನೀರಲ್ಲಿ ಕೊಡಿ. ಆ ದಿನಗಳಲ್ಲಿ ಬೇರೆ ನೀರು ಸಿಗಬಾರದು. ಶಕ್ತಿ ಬರಲಿ ಎಂದು ಬಿ ವಿಟಮಿನ್ ಟಾನಿಕ್ ಜೊತೆಗೆ ಹಾಕುವವರಿದ್ದಾರೆ, ಹಾಕಬೇಡಿ. ಆ ಔಷಧ ಕೆಲಸ ಮಾಡುವುದೇ ಪರೋಪಜೀವಿಗೆ ಬಿ1 ಸಿಗದಂತೆ ತಡೆದು. ಟಾನಿಕ್ ಹಾಕಿದರೆ ಔಷಧ ವ್ಯರ್ಥ.

ನಾಟಿ ಹೇಂಟೆಗಳು ಹೋದದ್ದು ಕೊಕ್ಕರೆ ರೋಗಕ್ಕೆ (ರಾಣಿಖೇತ್). ಹಸಿರು ಬೆರೆತ ಬಿಳಿ ಬೇಧಿ, ಬಾಯಿ ತೆರೆದು ಉಸಿರು ಎಳೆಯುವುದು, ಕೊನೆಗೆ ಕತ್ತು ತಿರುಚಿ ಬೀಳುವುದು. ಬಂದ ಮೇಲೆ ಇದಕ್ಕೆ ಮದ್ದಿಲ್ಲ, ಲಸಿಕೆಯೊಂದೇ ದಾರಿ. ಮಿಶ್ರ ಹಿಂಡಿನಲ್ಲಿ ಸೋಲುವುದು ಲಸಿಕೆಯ ವಿಷಯದಲ್ಲೇ. ಮರಿಗೆ 5ರಿಂದ 7ನೇ ದಿನ ಎಫ್1 ಅಥವಾ ಲಸೋಟಾ ಎಂಬ ಕೊಕ್ಕರೆ ರೋಗದ ಲಸಿಕೆ, ಕಣ್ಣಿಗೆ ಒಂದು ಹನಿ. 14ನೇ ದಿನ ಗಂಬೋರೋ ಎಂಬ ಇನ್ನೊಂದು ರೋಗದ ಲಸಿಕೆ. 4ನೇ ವಾರ ಮತ್ತೆ ಲಸೋಟಾ. 8 ವಾರ ತುಂಬಿದ ಮೇಲೆ ಕೊಕ್ಕರೆ ರೋಗದ್ದೇ ಇನ್ನೊಂದು ಲಸಿಕೆ ಆರ್2ಬಿ, ರೆಕ್ಕೆಯಡಿ ಚರ್ಮದೊಳಗೆ 0.5 ಮಿಲಿ. ಈ ಆರ್2ಬಿ ಸ್ವಲ್ಪ ಖಡಕ್ ಲಸಿಕೆ, ಎಳೆ ಮರಿಗೆ ಕೊಟ್ಟರೆ ಅದರಿಂದಲೇ ಕಾಲು ಬಿದ್ದು ಸಾಯಬಹುದು. ಒಡ್ಡಿಯಲ್ಲಿ 5 ವಾರದ್ದು, 3 ತಿಂಗಳದ್ದು, 2 ವರ್ಷದ್ದು ಒಟ್ಟಿಗಿದ್ದರೆ ಒಂದೇ ದಿನ ಎಲ್ಲಕ್ಕೂ ಒಂದೇ ಸೂಜಿ ಹಾಕುವಂತಿಲ್ಲ. ಸೀಸೆ ಬರುವುದು 100 ಡೋಸಿನದ್ದು, ಕಲಸಿದ ಮೇಲೆ ಮಂಜುಗಡ್ಡೆಯ ಮೇಲಿಟ್ಟು 2 ಗಂಟೆಯೊಳಗೆ ಮುಗಿಸಬೇಕು. 15 ಮರಿಗೆ ಒಂದು ಸೀಸೆ, 10 ಕೋಳಿಗೆ ಇನ್ನೊಂದು ಎಂದು ಯಾರೂ ಒಡೆಯುವುದಿಲ್ಲ, "ಮುಂದಿನ ತಿಂಗಳು ನೋಡೋಣ" ಅನ್ನುತ್ತಾರೆ. ಎಲ್ಲ ಒಂದೇ ವಯಸ್ಸಿನವಾದರೆ, ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಒಂದೇ ದಿನ ಹಾಕಿಸಿದರೆ, ಒಂದು ಸೀಸೆ ಸಾಕು.

ರೋಗದ ಮಾತು ಬಿಟ್ಟರೂ ತೂಕದ ಮಾತಿದೆ. ಗಿರಿರಾಜ ಹುಂಜ ಸಲೀಸಾಗಿ 3 ಕೆಜಿ ದಾಟುತ್ತದೆ, ನಮ್ಮ ನಾಟಿ ಹೇಂಟೆ ಒಂದೂಕಾಲು, ಒಂದೂವರೆ ಕೆಜಿ. ಆ ಹುಂಜ ಹತ್ತಿ ಹತ್ತಿ ಹೇಂಟೆಯ ಬೆನ್ನಿನ ಪುಕ್ಕ ಬೋಳಾಗುತ್ತದೆ, ರೆಕ್ಕೆಯ ಬುಡದ ಚರ್ಮ ಉಗುರಿಗೆ ಸಿಕ್ಕಿ ಹರಿಯುತ್ತದೆ. ಆ ಕೆಂಪು ಗಾಯ ಕಂಡರೆ ಉಳಿದ ಕೋಳಿಗಳು ಕುಕ್ಕದೆ ಬಿಡುವುದಿಲ್ಲ. ತಿನ್ನುವಾಗಲೂ ಹಾಗೇ, ದೊಡ್ಡವು ಮೊದಲು ನುಗ್ಗಿ ನುಚ್ಚು ಖಾಲಿ ಮಾಡುತ್ತವೆ, ಕಡಕನಾಥ್ ಹೆದರಿ ದೂರ ನಿಲ್ಲುತ್ತದೆ. ರಾತ್ರಿ ನಾಟಿ ಕೋಳಿ ಹಲಸಿನ ಮರಕ್ಕೂ ಹಾರಿ ಕೂರುತ್ತದೆ, ಗಿರಿರಾಜ ಹಾರಲಾರದು. ಎಲ್ಲಕ್ಕೂ ಒಂದೇ ಎತ್ತರದ ಗಳ ಕಟ್ಟಿದರೆ ಭಾರದ ಕೋಳಿ ಧೊಪ್ಪನೆ ಇಳಿದು ಇಳಿದು ಅಂಗಾಲಿಗೆ ಬಾವು ಬರುತ್ತದೆ. ಅದಕ್ಕೆ ಒಂದೂವರೆ ಅಡಿಗಿಂತ ಎತ್ತರ ಬೇಡ.

ಮೇವಿನಲ್ಲೂ ಹಾಗೆಯೇ. ಮೊಟ್ಟೆ ಇಡುವ ಕೋಳಿಯ ಮೇವಿನಲ್ಲಿ ಸುಣ್ಣದಂಶ ಶೇ. 3.5ರಷ್ಟು ಇರುತ್ತದೆ, ಮರಿಗೆ ಬೇಕಾದದ್ದು ಶೇ. 1ರಷ್ಟು. ಮರಿ ಅದನ್ನೇ ವಾರಗಟ್ಟಲೆ ತಿಂದರೆ ಮೂತ್ರಪಿಂಡ ಕೆಡುತ್ತದೆ. ಒಟ್ಟಿಗೆ ಇಡಲೇಬೇಕಾಗಿ ಬಂದರೆ ಎಲ್ಲಕ್ಕೂ ಬೆಳೆಯುವ ಮರಿಯ ಮೇವು ಹಾಕಿ, ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿಡಿ. ಬೇಕಾದ ಹೇಂಟೆ ತಾನೇ ತಿನ್ನುತ್ತದೆ.

ತಳಿಯ ಆಯ್ಕೆ ಹೇಳುವುದಾದರೆ: ಮನೆಯಲ್ಲೇ ಮರಿ ಆಗಬೇಕು, ಹಬ್ಬಕ್ಕೆ ಕಡುಬಿನ ಜೊತೆ ಸಾರೂ ಆಗಬೇಕು ಅನ್ನುವವರು ನಾಟಿ ಒಂದನ್ನೇ ಇಟ್ಟುಕೊಳ್ಳಿ, 8–10 ಹೇಂಟೆಗೆ ಒಂದು ಹುಂಜ. ವರ್ಷಕ್ಕೆ ಮೊಟ್ಟೆ ಅರವತ್ತರ ಆಸುಪಾಸೇ ಸರಿ, ಆದರೆ ತಾನೇ ಕಾವಿಗೆ ಕೂತು ಮರಿ ಮಾಡುತ್ತದೆ, ಮುಂಗುಸಿ ಬಂದರೆ ಹಾರುತ್ತದೆ. ಮೊಟ್ಟೆಯೇ ಮುಖ್ಯ ಅಂದರೆ ಸ್ವರ್ಣಧಾರ ಒಂದೇ. 2005ರಲ್ಲಿ ಬಿಡುಗಡೆಯಾದ ಈ ತಳಿ ವರ್ಷಕ್ಕೆ 180ರಷ್ಟು ಮೊಟ್ಟೆ ಇಡುತ್ತದೆ, ಗಿರಿರಾಜಕ್ಕಿಂತ ಹಗುರ. 1989ರಲ್ಲಿ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಮಾಂಸಕ್ಕೆ ಒಳ್ಳೆಯದು. ಆದರೆ ಅದು ಹಲವು ತಳಿಗಳನ್ನು ಬೆರೆಸಿ ಮಾಡಿದ್ದು, ಅದರ ಮೊಟ್ಟೆಯನ್ನು ಮನೆಯಲ್ಲಿ ಮರಿ ಮಾಡಿಸುತ್ತಾ ಹೋದರೆ ತಲೆಮಾರಿನಿಂದ ತಲೆಮಾರಿಗೆ ತೂಕವೂ ಮೊಟ್ಟೆಯೂ ಇಳಿಯುತ್ತವೆ. ನಾಟಿಯೊಂದಿಗೆ ಬೆರೆತರೆ ನಷ್ಟ ನಾಟಿಗೇ: ಕಾವಿಗೆ ಕೂರುವ ಗುಣ ಸಡಿಲವಾಗುತ್ತದೆ, ಪೇಟೆಯಲ್ಲಿ ಕಾಲಿನ ದಪ್ಪ ನೋಡಿಯೇ "ಇದು ನಾಟಿ ಅಲ್ಲ" ಅಂದು ಬೆಲೆ ಮುರಿಯುತ್ತಾರೆ.

ಎರಡು ತಳಿ ಕೂಡಿಸಿ ಗೆಲ್ಲುವ ದಾರಿ ಒಂದಿದೆ. ಕಾವಿಗೆ ಕೂತು 15 ದಿನವಾದರೂ ಆದ ನಾಟಿ ಹೇಂಟೆಯ ಅಡಿಗೆ, ಕತ್ತಲಾದ ಮೇಲೆ, ಒಂದು ದಿನದ ಗಿರಿರಾಜ ಮರಿಗಳನ್ನು ಒಂದೊಂದಾಗಿ ಸೇರಿಸಿ ಮೊಟ್ಟೆ ತೆಗೆಯುವುದು. ಬೆಳಿಗ್ಗೆ ಅದು ತನ್ನವೆಂದೇ ಕರೆದುಕೊಂಡು ಹೊರಡುತ್ತದೆ. 3 ದಿನ ದಾಟಿದ ಮರಿಯನ್ನು ಹೆಚ್ಚಾಗಿ ಒಪ್ಪದು, ಕುಕ್ಕಿ ಓಡಿಸುತ್ತದೆ. 8ಕ್ಕಿಂತ ಹೆಚ್ಚು ಇಡಬೇಡಿ. ಮೂರನೇ ವಾರಕ್ಕೇ ಈ ಮರಿಗಳು ತಾಯಿಯ ರೆಕ್ಕೆಯಡಿ ಹಿಡಿಸುವುದಿಲ್ಲ, ಆಗುಂಬೆ ಸೀಮೆಯ ಜುಲೈ ರಾತ್ರಿಯಲ್ಲಿ ಹೊರಗುಳಿದ ಮರಿ ಬೆಳಗಾಗುವಷ್ಟರಲ್ಲಿ ಸೆಟೆದಿರುತ್ತದೆ.

ದೊಡ್ಡ ಕೋಳಿಯನ್ನೇ ತಂದು ಸೇರಿಸುವುದಾದರೆ 30 ದಿನ ಬೇರೆ ಇಡಿ. ಕೊಟ್ಟಿಗೆಯ ಆಚೆ ತುದಿಯಾದರೂ ಆಗಲಿ, ಒಂದೇ ಜಾಗ ಬೇಡ. ಮೇವು ನೀರು ಮೊದಲು ಹಳೆಯವಕ್ಕೆ, ಆಮೇಲೆ ಹೊಸವಕ್ಕೆ, ಚಪ್ಪಲಿಯೂ ಬೇರೆ. ಆಮೇಲೆ ಒಂದು ವಾರ ನಡುವೆ ಬಲೆ ಕಟ್ಟಿ ಪರಸ್ಪರ ಕಾಣುವಂತಿಟ್ಟು, ರಾತ್ರಿ ಹೊತ್ತು ಸೇರಿಸಿ. ಸಂತೆಯಲ್ಲಿ ಮಂಕಾಗಿ ಕೂತ ಕೋಳಿ ಎಷ್ಟು ಅಗ್ಗವಾದರೂ ಬೇಡ. ಅಕ್ಕಪಕ್ಕದ ಮನೆಯಲ್ಲಿ ಕೋಳಿ ಸಾಯತೊಡಗಿದಾಗ ಜನ ತಮ್ಮವನ್ನು ಗಡಿಬಿಡಿಯಲ್ಲಿ ಸಂತೆಗೆ ಒಯ್ಯುತ್ತಾರೆ.

ಸಾಯತೊಡಗಿದ ಹಿಂಡಿಗೆ ಅದೇ ದಿನ ಲಸಿಕೆ ಚುಚ್ಚಿಸಬೇಡಿ, ಮೊದಲು ಪಶುವೈದ್ಯರಿಗೆ ತೋರಿಸಿ. ಆಗಷ್ಟೇ ಸತ್ತ ಕೋಳಿಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಒಯ್ದರೆ ಕೊಯ್ದು ನೋಡಿ ಕಾರಣ ಹೇಳುತ್ತಾರೆ. ಉಳಿದ ಹೆಣಗಳನ್ನು ಹಳ್ಳಕ್ಕೆ ಎಸೆಯದೆ 3 ಅಡಿ ಗುಂಡಿಯಲ್ಲಿ ಸುಣ್ಣ ಸುರಿದು ಮುಚ್ಚಿ, ನಾಯಿ ಕೆದರದಂತೆ ಮೇಲೆ ಕಲ್ಲು ಹೇರಿ. ಒಡ್ಡಿಯ ಹೊಟ್ಟನ್ನೆಲ್ಲ ತೆಗೆದು ಸುಟ್ಟು, ಗೋಡೆ ನೆಲಕ್ಕೆ ಸುಣ್ಣ ಬಳಿದು, ಒಂದು ತಿಂಗಳು ಖಾಲಿ ಬಿಡಿ. ಮಳೆಗಾಲದ ನಡುವೆ ಹೀಗಾದರೆ ಹೊಸ ಮರಿ ತರುವುದು ದೀಪಾವಳಿ ಕಳೆದು ಬಿಸಿಲು ಬಿದ್ದ ಮೇಲೆ.