ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಡೆಲ್ಟಾ ಪಿಎಲ್‌ಸಿ: ಒಂದು ಸೀಸನ್ ಓಡಿಸಿದ ಮೇಲೆ

ಕಳೆದ ವರ್ಷ ಜೂನ್‌ನಲ್ಲಿ ಮಲ್ಪೆಯಿಂದ ಫೋನ್ ಬಂತು. ಐಸ್ ಪ್ಲಾಂಟಿನ ಪ್ಯಾನಲ್ ಮಾತೇ ಕೇಳುತ್ತಿಲ್ಲ ಅಂತ. ಹೋಗಿ ಲ್ಯಾಪ್‌ಟಾಪ್ ಜೋಡಿಸಿ ನೋಡಿದರೆ ಹಳೇ ಪಿಎಲ್‌ಸಿಯೊಳಗೆ (ಯಂತ್ರಗಳನ್ನು ಯಾವಾಗ ಓಡಿಸಬೇಕು, ಯಾವಾಗ ನಿಲ್ಲಿಸಬೇಕು ಎಂದು ನಿರ್ಧರಿಸುವ ಪುಟ್ಟ ಕಂಪ್ಯೂಟರ್ ಅದು) ಪ್ರೋಗ್ರಾಮೇ ಇಲ್ಲ! ಬ್ಯಾಟರಿ ಇದ್ದರೆ ಮಾತ್ರ ಪ್ರೋಗ್ರಾಂ ನೆನಪಿಟ್ಟುಕೊಳ್ಳುವ ಕಾಲದ ಮಾಡೆಲ್ ಅದು. ಕಂಪನಿ ಹೆಸರು ಬೇಡ. ಬ್ಯಾಟರಿ ಯಾವಾಗಲೋ ಸತ್ತಿತ್ತು. ಕರೆಂಟು ಹೋಗಿ ಜನರೇಟರ್ ಹಿಡಿಯುವಷ್ಟು ಹೊತ್ತು ಒಳಗಿನ ಕೆಪಾಸಿಟರ್ ಹೇಗೋ ಕಾಪಾಡಿರಬೇಕು. ಸೀಸನ್ ಮುಗಿಯಿತೆಂದು ಮೇನ್ ಸ್ವಿಚ್ ಇಳಿಸಿದರು, ಎಲ್ಲ ಖಾಲಿ. ಬ್ಯಾಕಪ್ ಕೇಳಿದರೆ, ಮೊದಲು ಮಾಡಿಕೊಟ್ಟವರು ಕೊಟ್ಟೇ ಇರಲಿಲ್ಲವಂತೆ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಐಸ್ ಪ್ಲಾಂಟಿನ ರಿಪೇರಿಗೆ ಸಿಗುವುದು ಅಷ್ಟೇ ದಿನ. ಧಣಿಗಳು ಹೇಳಿದ್ದು ಒಂದೇ ಮಾತು: "ಮಾರಾಯ್ರೆ, ನೀವು ಎಂತದಾದ್ರೂ ಹಾಕಿ. ಬೋಟು ಹೊರಡುವಾಗ ಐಸ್ ಇರ್ಬೇಕು."

ನಾನು ಮಣಿಪಾಲದ ಶಿವಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಪ್ಯಾನಲ್ ಕಟ್ಟುವವ. ಎಂತದಾದ್ರೂ ಹಾಕಿ ಅಂದರೂ ನಾನು ಮೊದಲು ಕುಳಿತು ಲೆಕ್ಕ ಹಾಕುತ್ತೇನೆ. ಎರಡು ಅಮೋನಿಯಾ ಕಂಪ್ರೆಸರ್. ಒಂದೊಂದಕ್ಕೂ ಆಯಿಲ್ ಪ್ರೆಶರ್, ಹೈ ಪ್ರೆಶರ್, ಲೋ ಪ್ರೆಶರ್, ಓವರ್‌ಲೋಡ್, ರನ್ನಿಂಗ್ ಸಿಗ್ನಲ್. ಹತ್ತಾಯಿತು. ಬ್ರೈನ್ (ಐಸ್ ಕಟ್ಟಿಸುವ ತಣ್ಣನೆಯ ಉಪ್ಪುನೀರು) ಟ್ಯಾಂಕನ್ನು ಕಲಕುವ ಅಜಿಟೇಟರ್, ನೀರಿನ ಪಂಪು, ಫ್ಲೋಟ್, ಎಮರ್ಜೆನ್ಸಿ ಬಟನ್ ಸೇರಿ 14 ಇನ್‌ಪುಟ್, ಅಂದರೆ ಪಿಎಲ್‌ಸಿಯೊಳಗೆ ಬರುವ ಸಿಗ್ನಲ್. ಹೊರಗೆ ಹೋಗುವ ಔಟ್‌ಪುಟ್ 9.

ಮೊದಲು ಮನಸ್ಸು ಹೋದದ್ದು ಸೀಮೆನ್ಸ್ ಎಸ್7-1200ರ 1214ಸಿ ಕಡೆಗೆ. 14 ಇನ್‌ಪುಟ್, 10 ಔಟ್‌ಪುಟ್, ಈಥರ್ನೆಟ್ ಪೋರ್ಟು ಅದರಲ್ಲೇ ಇದೆ. ಒಳ್ಳೇ ಮಾಲು, ಎರಡು ಮಾತಿಲ್ಲ. ಆದರೆ ನನ್ನ 14 ಇನ್‌ಪುಟ್ ಹಾಕಿದರೆ ನಾಳೆಗೆ ಒಂದೂ ಉಳಿಯುವುದಿಲ್ಲ. ಟೆಂಪರೇಚರ್ ಸೆನ್ಸರಿಗೆ ಬೇರೆ ಬೋರ್ಡು. ಟಿಐಎ ಪೋರ್ಟಲ್ ಸಾಫ್ಟ್‌ವೇರಿಗೆ ಬೇರೆ ಲೈಸೆನ್ಸ್.

ಕೊನೆಗೆ ಹಾಕಿದ್ದು ಡೆಲ್ಟಾದ ಡಿವಿಪಿ-14ಎಸ್‌ಎಸ್2, ರಿಲೇ ಔಟ್‌ಪುಟ್‌ನದ್ದು. ಅದರಲ್ಲಿ 8 ಇನ್‌ಪುಟ್, 6 ಔಟ್‌ಪುಟ್. ಪಕ್ಕಕ್ಕೆ ಡಿವಿಪಿ-16ಎಸ್‌ಪಿ, ಇನ್ನೂ 8 ಮತ್ತು 8. ಒಟ್ಟು 16 ಇನ್‌ಪುಟ್, 14 ಔಟ್‌ಪುಟ್. ಬ್ರೈನ್ ಟೆಂಪರೇಚರಿಗೆ 04ಪಿಟಿ ಮಾಡ್ಯೂಲ್. ಇಷ್ಟೆಲ್ಲ ಸೇರಿಯೂ ಖರ್ಚು ಕಮ್ಮಿಯೇ ಆಯಿತು. ಆದರೆ ನಾನು ಆರಿಸಿದ್ದು ದುಡ್ಡಿಗಾಗಿ ಅಲ್ಲ. ಇದರ ಸಾಫ್ಟ್‌ವೇರ್ ಉಚಿತ. ರಾತ್ರಿ ಎರಡು ಗಂಟೆಗೆ ಕಂಪ್ರೆಸರ್ ನಿಂತಾಗ ನಾನು ಊರಲ್ಲಿ ಇಲ್ಲದಿದ್ದರೆ, ಲ್ಯಾಡರ್ (ಪಿಎಲ್‌ಸಿ ಪ್ರೋಗ್ರಾಂ ಬರೆಯುವ ಚಿತ್ರಭಾಷೆ) ಓದಲು ಬರುವ ಯಾವ ಹುಡುಗನಾದರೂ ಬಂದು ತೆರೆದು ನೋಡಬಹುದು. ಪಾಸ್‌ವರ್ಡ್ ಹಾಕಿಲ್ಲ. ಪ್ರೋಗ್ರಾಂ ಪೆನ್‌ಡ್ರೈವ್‌ನಲ್ಲಿ, ಪ್ರಿಂಟು ಪ್ಯಾನಲ್ ಬಾಗಿಲಿನ ಜೇಬಿನಲ್ಲಿ. ಈ ಸಲ ಪ್ರೋಗ್ರಾಂ ಉಳಿಯಲು ಬ್ಯಾಟರಿಯೂ ಬೇಡ.

ಕಿರಿಕಿರಿ ಇಲ್ಲವೇ? ಇದೆ. ಇನ್‌ಪುಟ್ ನಂಬರಿನಲ್ಲಿ ಎಕ್ಸ್7 ಆದ ಮೇಲೆ ಬರುವುದು ಎಕ್ಸ್10. ಎಂಟು, ಒಂಬತ್ತು ಇಲ್ಲವೇ ಇಲ್ಲ. ಪಕ್ಕದ ಮಾಡ್ಯೂಲ್ ಶುರುವಾಗುವುದೇ ಎಕ್ಸ್20ರಿಂದ. ನನ್ನ ಹೊಸ ಹುಡುಗ ಎಕ್ಸ್8 ಎಂದು ಬರೆದ ಸ್ಟಿಕ್ಕರ್ ಹಿಡಿದು ಅರ್ಧ ಗಂಟೆ ಹುಡುಕಿದ್ದ. ಪ್ರೋಗ್ರಾಂ ಹಾಕುವ ಪೋರ್ಟು ಇನ್ನೂ ಹಳೇ ಆರ್‌ಎಸ್-232. ಈಗಿನ ಲ್ಯಾಪ್‌ಟಾಪಿಗೆ ಯುಎಸ್‌ಬಿ ಕನ್ವರ್ಟರ್ ಬೇಕೇ ಬೇಕು. ಈಥರ್ನೆಟ್ ಇಲ್ಲ.

ಬ್ರೈನ್ ಟೆಂಪರೇಚರ್ ಅಳೆಯುವ ಪಿಟಿ100 ಸೆನ್ಸರ್ ಸರಿ ತೋರಿಸುತ್ತದೋ ನೋಡಬೇಕಿತ್ತು. ಸೊನ್ನೆ ಡಿಗ್ರಿಗೆ ಅದು 100 ಓಮ್ಸ್ ತೋರಿಸಬೇಕು. ಸುಲಭದ ದಾರಿ, ಐಸ್ ನೀರಿನಲ್ಲಿ ಅದ್ದುವುದು. ತಮಾಷೆ ಏನೆಂದರೆ ಐಸ್ ಪ್ಲಾಂಟಿನಲ್ಲೇ ಐಸ್ ಇಲ್ಲ! ಮಳೆಯಲ್ಲಿ ನೆನೆದುಕೊಂಡು ಹೋಗಿ ಜ್ಯೂಸ್ ಅಂಗಡಿಯಿಂದ ಒಂದು ತೊಟ್ಟೆ ಐಸ್ ತಂದೆ. ಬಕೆಟಿನಲ್ಲಿ ಪುಡಿ ಮಾಡಿ, ನೀರು ಹಾಕಿ, ಕಲಕಿ ಸೆನ್ಸರ್ ಇಳಿಸಿದೆ. ಎರಡೇ ವೈರಿನಲ್ಲಿ ಜೋಡಿಸಿದಾಗ ಎರಡು ಡಿಗ್ರಿ ಜಾಸ್ತಿ ತೋರಿಸಿತು. ಉದ್ದದ ವೈರಿನ ರೆಸಿಸ್ಟೆನ್ಸೂ ಲೆಕ್ಕಕ್ಕೆ ಬರುತ್ತದೆ ಅಲ್ವಾ. ಮೂರನೇ ವೈರ್ ಎಳೆದ ಮೇಲೆ ಸರಿಯಾಯಿತು. ಆಪರೇಟರ್ ಬಕೆಟಿಗೆ ಕೈ ಅದ್ದಿ, "ಹೌದು, ಸೊನ್ನೆಯೇ" ಎಂದರು.

ಜಾಗದ ವಿಷಯದಲ್ಲಿ ಮಾತ್ರ ಧಣಿಗಳ ಹತ್ತಿರ ಜಗಳವೇ ಆಯಿತು. ವೈರ್ ಉಳಿಯುತ್ತದೆಂದು ಪ್ಯಾನಲನ್ನು ಕಂಪ್ರೆಸರ್ ಪಕ್ಕದಲ್ಲೇ ಇಡಿ ಎಂದರು. ಅಮೋನಿಯಾಕ್ಕೂ ತಾಮ್ರಕ್ಕೂ ಆಗಿಬರುವುದಿಲ್ಲ. ಮೇಲಿಂದ ಕಡಲಿನ ಉಪ್ಪು ಗಾಳಿ. ಹಳೇ ಪ್ಯಾನಲಿನ ಒಂದು ವೈರ್ ಕತ್ತರಿಸಿ ತೋರಿಸಿದೆ, ಒಳಗಿನ ಎಳೆಗಳು ಕಪ್ಪಾಗಿ ಪುಡಿಯಾಗಿ ಉದುರಿದವು. ಆಮೇಲೆ ಒಪ್ಪಿದರು. ಈಗ ಪ್ಯಾನಲ್ ಬೇರೆ ಕೋಣೆಯಲ್ಲಿದೆ. ವೈರು, ಲಗ್ಗು ಎಲ್ಲ ತವರ ಲೇಪ ಇರುವಂಥದ್ದು. ಅಂಥ ಗಾಳಿಯಲ್ಲೇ ಇಡಬೇಕಾದರೆ ಬೋರ್ಡಿನ ಮೇಲೆ ಕೋಟಿಂಗ್ ಇರುವ ಸೀಮೆನ್ಸಿನ ಸಿಪ್ಲಸ್ ತರಹದ್ದು ನೋಡಬೇಕು. ಆಗ ನಾನೂ ಡೆಲ್ಟಾ ಹಾಕು ಎನ್ನುವುದಿಲ್ಲ.

ಇನ್ನೊಂದು. ಎಮರ್ಜೆನ್ಸಿ ಬಟನ್, ಹೈ ಪ್ರೆಶರ್ ಕಟೌಟ್ ಎರಡನ್ನೂ ಪಿಎಲ್‌ಸಿ ನಂಬಿ ಬಿಟ್ಟಿಲ್ಲ. ನೇರ ಕಾಂಟಾಕ್ಟರ್ (ಮೋಟಾರಿಗೆ ಕರೆಂಟು ಕೊಡುವ ದೊಡ್ಡ ಸ್ವಿಚ್) ಕಾಯಿಲ್ ಸರಣಿಯಲ್ಲೇ ಇವೆ, ಪಿಎಲ್‌ಸಿಗೆ ಸುದ್ದಿ ಮಾತ್ರ. ಟ್ರಿಪ್ ಸಿಗ್ನಲ್‌ಗಳೆಲ್ಲ ಎನ್‌ಸಿ, ಅಂದರೆ ಎಲ್ಲ ಸರಿಯಿದ್ದಾಗ ಕರೆಂಟು ಹರಿಯುತ್ತಲೇ ಇರುತ್ತದೆ, ಕಡಿದರೆ ಟ್ರಿಪ್. ಇಲಿ ವೈರ್ ಕಡಿದರೂ ಕಂಪ್ರೆಸರ್ ನಿಲ್ಲಬೇಕು. ನವೆಂಬರಿನಲ್ಲಿ ಒಂದು ಇಲಿ ಕಡಿದೇ ಬಿಟ್ಟಿತು. ನಿಂತಿತು.

ಮೇ ಕೊನೆಯವರೆಗೆ ಪಿಎಲ್‌ಸಿಗಾಗಿ ನನಗೆ ಒಂದೂ ಫೋನ್ ಬರಲಿಲ್ಲ. ಈಗ ಧಣಿಗಳ ಮಗನಿಗೆ ಬ್ರೈನ್ ಟೆಂಪರೇಚರ್ ಮೊಬೈಲಿನಲ್ಲಿ ಬೇಕಂತೆ. ಈಥರ್ನೆಟ್ ಇಲ್ಲದ್ದು ಈಗ ಚುಚ್ಚುತ್ತಿದೆ. ಆರ್‌ಎಸ್-485 ಪೋರ್ಟು ಖಾಲಿ ಇದೆ, ಮಾಡ್‌ಬಸ್ (ಇಂಥ ಯಂತ್ರಗಳು ಪರಸ್ಪರ ಮಾತಾಡುವ ಭಾಷೆ) ಬರುತ್ತದೆ. ಈ ಜೂನ್‌ನಲ್ಲಿ ಅದನ್ನು ಇಂಟರ್ನೆಟ್ಟಿಗೆ ಜೋಡಿಸುವ ಒಂದು ಗೇಟ್‌ವೇ ಕೂರಿಸಿ ನೋಡುತ್ತೇನೆ.