ಕಾಲೇಜ್ ಫುಟ್‌ಬಾಲ್ ಪಂಟರ್‌ನ ಅಂಕಿಅಂಶ ಪಟ್ಟಿ: 5ಕ್ಕೆ 2 ಸ್ಟಾರ್

ಅಮೆರಿಕದ ಕಾಲೇಜ್ ಫುಟ್‌ಬಾಲ್ ಪಂದ್ಯ ಮುಗಿದ ಮೇಲೆ ಬರುವ ಅಧಿಕೃತ ಬಾಕ್ಸ್ ಸ್ಕೋರ್‌ನಲ್ಲಿ, ಅಂದರೆ ಪಂದ್ಯದ ಅಂಕಿಅಂಶಗಳ ಹಾಳೆಯಲ್ಲಿ, ಪಂಟರ್‌ಗೆ ಅಂತ ಒಂದು ಸಣ್ಣ ಪಟ್ಟಿ ಇರುತ್ತದೆ. ತಂಡಕ್ಕೆ ಮುಂದೆ ಸಾಗಲು ಆಗದಿದ್ದಾಗ ಚೆಂಡನ್ನು ಎದುರಾಳಿಯ ಕಡೆಗೆ ದೂರ ಒದ್ದು ಬಿಟ್ಟುಕೊಡುವುದು ಪಂಟ್, ಒದೆಯುವವನು ಪಂಟರ್. ಎಷ್ಟು ಪಂಟ್, ಒಟ್ಟು ಎಷ್ಟು ಯಾರ್ಡ್, ಸರಾಸರಿ, ಎಲ್ಲಕ್ಕಿಂತ ಉದ್ದದ್ದು ಯಾವುದು, ಎದುರಾಳಿಯ 20 ಯಾರ್ಡ್ ಗೆರೆಯ (ಅವರ ಗೋಲ್ ಗೆರೆಯಿಂದ 20 ಯಾರ್ಡ್ ದೂರ) ಒಳಗೆ ನಿಂತದ್ದೆಷ್ಟು, ಟಚ್‌ಬ್ಯಾಕ್ (ಚೆಂಡು ಗೋಲ್ ಗೆರೆ ದಾಟಿ ಹೋದದ್ದು) ಎಷ್ಟು. ಒಬ್ಬ ಪಂಟರ್ ನಿಜಕ್ಕೂ ಎಷ್ಟು ಚೆನ್ನಾಗಿದ್ದಾನೆ ಅಂತ ತಿಳಿಯೋಕೆ ಹೆಚ್ಚಿನವರು ನೋಡುವುದು ಇದನ್ನೇ, ಅದರಲ್ಲೂ ಸರಾಸರಿ ಒಂದನ್ನೇ. ಆ ಕೆಲಸಕ್ಕೆ ಈ ಪಟ್ಟಿ ಸಾಲದು.

ಮೊದಲ ತೊಂದರೆ, ಚೆಂಡು ಎದುರಾಳಿಯ ಕೈಸೇರಿದ ಮೇಲೆ ಏನಾಯಿತು ಅನ್ನುವುದು ಸರಾಸರಿಯಲ್ಲಿ ಇಲ್ಲವೇ ಇಲ್ಲ. ಒಬ್ಬ 55 ಯಾರ್ಡ್ ಒದೆಯುತ್ತಾನೆ, ಎದುರಾಳಿ ಅದನ್ನು ಹಿಡಿದು 20 ಯಾರ್ಡ್ ವಾಪಸ್ ಓಡುತ್ತಾನೆ (ಇದೇ ರಿಟರ್ನ್). ತಂಡಕ್ಕೆ ಸಿಕ್ಕಿದ್ದು 35. ಇನ್ನೊಬ್ಬ 43 ಯಾರ್ಡ್ ಒದೆಯುತ್ತಾನೆ, ಚೆಂಡು ಎತ್ತರಕ್ಕೆ ಹೋಗಿ ಇಳಿಯುವಷ್ಟರಲ್ಲಿ ಸುತ್ತ ಅವನ ತಂಡದವರು ನಿಂತಿರುತ್ತಾರೆ, ಹಿಡಿಯುವವನು ಫೇರ್ ಕ್ಯಾಚ್‌ಗೆ ಕೈ ಎತ್ತುತ್ತಾನೆ, ಅಂದರೆ ಹಿಡಿದು ಓಡುವುದಿಲ್ಲ ಅಂತ ಸನ್ನೆ ಮಾಡುತ್ತಾನೆ. ಪೂರ್ತಿ 43 ಉಳಿಯಿತು. ಪಟ್ಟಿಯಲ್ಲಿ ಮಿಂಚುವವನು ಮಾತ್ರ ಮೊದಲನೆಯವನು.

ಇದಕ್ಕಿಂತ ಕೆಟ್ಟದ್ದು ಒಂದಿದೆ. ಎದುರಾಳಿಯ 42 ಯಾರ್ಡ್ ಗೆರೆಯಿಂದ ಪಂಟ್ ಮಾಡಬೇಕು ಅಂದುಕೊಳ್ಳಿ. ಜಾಣ ಪಂಟರ್ ಚೆಂಡನ್ನು 5 ಯಾರ್ಡ್ ಗೆರೆಯ ಹತ್ತಿರ ಮೈದಾನದ ಪಕ್ಕದ ಗೆರೆಯಿಂದ ಹೊರಗೆ ಹಾಕುತ್ತಾನೆ. ಅವನ ಲೆಕ್ಕಕ್ಕೆ ಬಂದದ್ದು 37. ಬರೀ ಜೋರಾಗಿ ಒದೆಯುವವನ ಚೆಂಡು ಗೋಲ್ ಗೆರೆಯ ಆಚೆಗಿನ ಎಂಡ್ ಝೋನ್‌ಗೆ ಹೋಗುತ್ತದೆ, ಟಚ್‌ಬ್ಯಾಕ್ ಆಗುತ್ತದೆ, ಎದುರಾಳಿಗೆ 20ರಿಂದ ಆಡುವ ಅವಕಾಶ ಸಿಗುತ್ತದೆ, ಆದರೂ ಅವನಿಗೆ 42 ಅಂತ ಬರೆಯುತ್ತಾರೆ. ನಿಜವಾಗಿ ಗಳಿಸಿದ್ದು 22! ಒಳ್ಳೆಯ ಕೆಲಸಕ್ಕೆ ಕಡಿಮೆ, ಕೆಟ್ಟ ಕೆಲಸಕ್ಕೆ ಜಾಸ್ತಿ. ಇದು ಅನ್ಯಾಯ ಅಲ್ವಾ? ಒಳ್ಳೆಯ ಆಕ್ರಮಣ ಇರುವ ತಂಡ ಚೆಂಡನ್ನು ಮುಂದಕ್ಕೆ ತಂದಿರುತ್ತದೆ, ಅದರ ಪಂಟರ್ ಇಂಥ ಜಾಗದಿಂದಲೇ ಹೆಚ್ಚು ಒದೆಯಬೇಕಾಗುತ್ತದೆ, ಹಾಗಾಗಿ ಅವನ ಸರಾಸರಿ ಸುಮ್ನೆ ಇಳಿಯುತ್ತದೆ.

ಒಟ್ಟು ಯಾರ್ಡ್ ಅನ್ನುವ ಅಂಕಣವಂತೂ ಪಂಟರ್‌ಗಿಂತ ಅವನ ತಂಡದ ಬಗ್ಗೆ ಹೇಳುತ್ತದೆ. ಐಯೋವಾ ವಿಶ್ವವಿದ್ಯಾಲಯದ ಟೋರಿ ಟೇಲರ್ 2023ರಲ್ಲಿ 93 ಪಂಟ್‌ಗಳಲ್ಲಿ 4,479 ಯಾರ್ಡ್ ಒದ್ದು, ಒಂದು ಸೀಸನ್‌ನ ಒಟ್ಟು ಯಾರ್ಡ್‌ನಲ್ಲಿ 1938ರಿಂದ ಇದ್ದ ದಾಖಲೆ ಮುರಿದ. ಆ ವರ್ಷ ಐಯೋವಾದ ಆಕ್ರಮಣ ದೇಶದಲ್ಲೇ ತೀರಾ ಕೆಳಗಿತ್ತು, ಅದಕ್ಕೇ ಅಷ್ಟು ಪಂಟ್. ಟೇಲರ್ ದೊಡ್ಡ ಪಂಟರ್ ಅನ್ನುವುದರಲ್ಲಿ ನನಗೆ ಸಂಶಯವೇ ಇಲ್ಲ, ಆದರೆ ಅದು ಗೊತ್ತಾಗುವುದು ಚೆಂಡನ್ನು ಗೋಲ್ ಗೆರೆಯ ಹತ್ತಿರ ಹೇಗೆ ನಿಲ್ಲಿಸುತ್ತಿದ್ದ ಅಂತ ನೋಡಿದಾಗ, 4,479ರಿಂದ ಅಲ್ಲ.

2021 ಇನ್ನೂ ಒಳ್ಳೆಯ ಉದಾಹರಣೆ. ಸ್ಯಾನ್ ಡಿಯೇಗೋ ಸ್ಟೇಟ್‌ನ ಮ್ಯಾಟ್ ಅರೈಝಾ ಸರಾಸರಿ 51.19 ಯಾರ್ಡ್ ಒದ್ದು ದಾಖಲೆ ಮಾಡಿದ, ಒಳ್ಳೆಯ ಪಂಟರ್‌ಗೆ ಕೊಡುವ ರೇ ಗೈ ಪ್ರಶಸ್ತಿಯನ್ನೂ ಗೆದ್ದ. ಅಂಥ ಕಾಲು ಅಪರೂಪ. ಅದೇ ವರ್ಷ ರಟ್ಗರ್ಸ್‌ನ ಆಡಮ್ ಕೋರ್ಸಾಕ್‌ನ ಒಂದೇ ಒಂದು ಪಂಟ್ ಕೂಡ ಟಚ್‌ಬ್ಯಾಕ್ ಆಗಲಿಲ್ಲ, ಅವನ ನೆಟ್ ಸರಾಸರಿ, ಅಂದರೆ ರಿಟರ್ನ್ ಮತ್ತು ಟಚ್‌ಬ್ಯಾಕ್ ಕಳೆದು ಉಳಿದದ್ದು, 45 ಯಾರ್ಡ್ ದಾಟಿತ್ತು. ನನಗೆ ಒಬ್ಬನನ್ನೇ ಆರಿಸು ಅಂದರೆ ಕೋರ್ಸಾಕ್. ನೆಟ್‌ನಲ್ಲಿ ಕವರೇಜ್‌ಗೆ, ಅಂದರೆ ರಿಟರ್ನ್ ತಡೆಯೋಕೆ, ಓಡುವ ಹುಡುಗರ ಪಾಲೂ ಇದೆ, ನಿಜ. ಟಚ್‌ಬ್ಯಾಕ್ ಸೊನ್ನೆ ಮಾಡಿದ್ದು ಮಾತ್ರ ಹೆಚ್ಚಾಗಿ ಅವನ ಕಾಲೇ.

ಪಟ್ಟಿಯಲ್ಲಿ ಇಲ್ಲದ ದೊಡ್ಡ ವಿಷಯ ಹ್ಯಾಂಗ್ ಟೈಮ್, ಅಂದರೆ ಚೆಂಡು ಗಾಳಿಯಲ್ಲಿ ಇರುವ ಸಮಯ. ಚೆಂಡು ಗಾಳಿಯಲ್ಲಿ ನಾಲ್ಕೂವರೆ ಸೆಕೆಂಡ್ ಇದ್ದರೆ ರಿಟರ್ನ್ ಮಾಡುವುದು ಕಷ್ಟ. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಒದೆಯುವ ಮೊದಲೇ ಮುಂದೆ ಓಡಲು ಪಂಟರ್ ತಂಡದ ಸಾಲಿನ ಎರಡೂ ತುದಿಯ ಇಬ್ಬರಿಗೆ ಮಾತ್ರ ಅನುಮತಿ, ಕಾಲೇಜಿನಲ್ಲಿ ಸ್ನ್ಯಾಪ್ (ಚೆಂಡನ್ನು ಹಿಂದೆ ಪಂಟರ್‌ಗೆ ಎಸೆಯುವುದು) ಆದ ಕೂಡಲೇ ಎಲ್ಲರೂ ಓಡಬಹುದು. ಹಾಗಾಗಿ ಇಲ್ಲಿ ಒಂದೊಂದು ಅರೆ ಸೆಕೆಂಡಿಗೂ ಬೆಲೆ ಇದೆ, ಆದರೂ ಅದಕ್ಕೆ ಒಂದು ಅಂಕಣ ಇಲ್ಲ. ಮೊಬೈಲ್‌ನ ಸ್ಟಾಪ್‌ವಾಚ್ ಹಿಡಿದು ನೀವೇ ಅಳೆಯಬೇಕು: ಕಾಲು ತಗುಲಿದಾಗ ಶುರು, ಚೆಂಡು ಇಳಿದಾಗ ನಿಲ್ಲಿಸಿ. ಹಾಗೇ ಸ್ನ್ಯಾಪ್‌ನಿಂದ ಒದೆಯುವ ತನಕದ ಸಮಯವನ್ನೂ ನೋಡಿ. ಎರಡು ಸೆಕೆಂಡಿಗಿಂತ ತುಂಬಾ ಜಾಸ್ತಿ ಹಿಡಿದರೆ ಎದುರಾಳಿ ನುಗ್ಗಿ ಒದೆತವನ್ನು ಬ್ಲಾಕ್ ಮಾಡುವ ಅಪಾಯ ಇದೆ. ಗಾಳಿ, ಊರಿನ ಎತ್ತರ ಯಾವುದೂ ಪಟ್ಟಿಯಲ್ಲಿ ಇಲ್ಲ. ವಯೋಮಿಂಗ್ ವಿಶ್ವವಿದ್ಯಾಲಯದ ಮೈದಾನ ಸಮುದ್ರ ಮಟ್ಟದಿಂದ 7,220 ಅಡಿ ಮೇಲಿದೆ, ತೆಳು ಗಾಳಿಯಲ್ಲಿ ಚೆಂಡು ದೂರ ಹೋಗುತ್ತದೆ.

2 ಸ್ಟಾರ್ ಯಾಕೆ ಕೊಟ್ಟೆ ಅಂದರೆ, 20ರ ಒಳಗಿನ ಅಂಕಣ ಮತ್ತು ಟಚ್‌ಬ್ಯಾಕ್ ಅಂಕಣ ಎರಡನ್ನೂ ಜೊತೆಗಿಟ್ಟು ನೋಡಿದರೆ ಉಪಯೋಗ ಇದೆ. ಮೊದಲನೆಯದು ತುಂಬಾ, ಎರಡನೆಯದು ಕಡಿಮೆ ಇದ್ದರೆ ಆ ಹುಡುಗನಿಗೆ ಹಿಡಿತ ಇದೆ ಅಂತ ಅರ್ಥ. ಅಲ್ಲೂ 19ರಲ್ಲಿ ನಿಂತ ಚೆಂಡಿಗೂ 1ರಲ್ಲಿ ನಿಂತ ಚೆಂಡಿಗೂ ಒಂದೇ ಲೆಕ್ಕ. ಅದಕ್ಕೆ ಬಾಕ್ಸ್ ಸ್ಕೋರ್ ಜೊತೆ ಬರುವ ಪ್ಲೇ-ಬೈ-ಪ್ಲೇ ತೆಗೆದು ನೋಡಿ. ಪ್ರತಿ ಪಂಟ್ ಎಲ್ಲಿಂದ ಹೋಯಿತು, ಎದುರಾಳಿ ಎಲ್ಲಿಂದ ಆಟ ಶುರು ಮಾಡಿದ ಅಂತ ಅದರಲ್ಲಿ ಬರೆದಿರುತ್ತದೆ.