ಓಲ್ಡ್ ರಾಸ್ಪುಟಿನ್: ಕುಡಿಯುವುದಕ್ಕೂ ಸೈ, ಮನೆಯಲ್ಲಿ ಸ್ಟೌಟ್ ಮಾಡುವವರಿಗೆ ಅಳತೆಗೋಲೂ ಹೌದು

ಇಂಪೀರಿಯಲ್ ಸ್ಟೌಟ್, ಅಂದರೆ ಹುರಿದ ಕಾಳಿನ ಕಪ್ಪು, ಗಟ್ಟಿ ಬಿಯರ್, ಹುಡುಕಿಕೊಂಡು ಅಮೆರಿಕದ ಯಾವುದೇ ದೊಡ್ಡ ಬಿಯರ್ ಅಂಗಡಿಗೆ ಹೋದರೂ ಈಗ ಕಣ್ಣಿಗೆ ಬೀಳುವುದು ಬೇಕರಿ ಸಾಮಾನು: ತೆಂಗಿನಕಾಯಿ, ವೆನಿಲ್ಲಾ, ಪೀನಟ್ ಬಟರ್, ಮಾರ್ಷ್‌ಮೆಲೋ. ಎರಡು ಗುಟುಕಿಗೆ ಬಾಯಿ ಕಟ್ಟುತ್ತದೆ, ಮೂರನೆಯದು ಬೇಡ ಅನ್ನಿಸುತ್ತದೆ. ಅದೇ ಅಂಗಡಿಯ ಮೂಲೆಯಲ್ಲಿ ರಷ್ಯಾದ ಕೊನೆಯ ಜಾರ್ ದೊರೆಯ ಆಸ್ಥಾನದಲ್ಲಿದ್ದ ಗಡ್ಡದ ಸಾಧು ರಾಸ್ಪುಟಿನ್ ಚಿತ್ರ ಹೊತ್ತ ನಾಲ್ಕು ಬಾಟಲಿಯ ಪ್ಯಾಕ್ ಒಂದು ಸದ್ದಿಲ್ಲದೆ ಕೂತಿರುತ್ತದೆ. ಕ್ಯಾಲಿಫೋರ್ನಿಯಾದ ಫೋರ್ಟ್ ಬ್ರ್ಯಾಗ್ ಎಂಬ ಕಡಲತೀರದ ಊರಲ್ಲಿ 1988ರಲ್ಲಿ ಶುರುವಾದ ನಾರ್ತ್ ಕೋಸ್ಟ್ ಬ್ರೂಯಿಂಗ್ ಕಂಪನಿಯ ಓಲ್ಡ್ ರಾಸ್ಪುಟಿನ್ ಅದು. ಆಲ್ಕೋಹಾಲ್ 9%, ಕಹಿ 75 ಐಬಿಯು (ಬಿಯರಿನ ಕಹಿ ಅಳೆಯುವ ಮಾನ). ಕೊಳ್ಳಬಹುದೇ ಅಂದರೆ, ಕಣ್ಣುಮುಚ್ಚಿ ಕೊಳ್ಳಬಹುದು. ಮನೆಯಲ್ಲಿ ಬ್ರೂ ಮಾಡುವವರಂತೂ ಎರಡು ಪ್ಯಾಕ್ ತರಬೇಕು, ಒಂದು ಕುಡಿಯಲು, ಇನ್ನೊಂದು ಹೋಲಿಸಿ ನೋಡಲು.

ಫ್ರಿಜ್ಜಿನಿಂದ ತೆಗೆದ ಕೂಡಲೇ ಮುಚ್ಚಳ ಬಿಚ್ಚಬೇಡಿ. 4 ಡಿಗ್ರಿಯಲ್ಲಿ ಇದು ಬರೀ ಕಹಿ ಕಷಾಯ. ಅರ್ಧ ಮುಕ್ಕಾಲು ಗಂಟೆ ಹೊರಗಿಟ್ಟರೆ 11–13 ಡಿಗ್ರಿ ಸೆಲ್ಸಿಯಸ್‌ಗೆ ಬರುತ್ತದೆ, ಆಗ ಸರಿ. ಹೊಟ್ಟೆ ಅಗಲ, ಬಾಯಿ ಕಿರಿದಾದ ಗ್ಲಾಸಿಗೆ ಅರ್ಧದಷ್ಟು ಮಾತ್ರ ಸುರಿಯಿರಿ, ಪರಿಮಳ ನಿಲ್ಲಲು ಮೇಲೆ ಜಾಗ ಬೇಕು. ನೊರೆಯ ಬಣ್ಣ ಫಿಲ್ಟರ್ ಕಾಫಿಯ ನೊರೆಗಿಂತ ಕಡು, ಬೇಗ ಕರಗುವುದೂ ಇಲ್ಲ. ಮೂಗಿಗೆ ಮೊದಲು ಬರುವುದು ಹುರಿದ ಕಾಫಿ ಬೀಜ, ಅದರ ಹಿಂದೆಯೇ ಜೋನಿಬೆಲ್ಲ, ಆಮೇಲೆ ಒಣದ್ರಾಕ್ಷಿ. ಬಾಯಲ್ಲಿ ಮೊದಲ ಕ್ಷಣ ದಪ್ಪ, ಸಿಹಿ. ಇಲ್ಲಿಗೇ ನಿಂತಿದ್ದರೆ ಇದೂ ಬೇಕರಿ ಸಾಲಿಗೇ ಸೇರುತ್ತಿತ್ತು. ಆದರೆ ನುಂಗುವ ಹೊತ್ತಿಗೆ ಹಾಪ್ಸ್ ಎಂಬ ಹೂವಿನ ಕಹಿ ಎದ್ದು ಬಂದು ನಾಲಿಗೆಯನ್ನು ಒರೆಸಿದಂತೆ ಮಾಡುತ್ತದೆ. ಕೊನೆ ಒಣ, ಮತ್ತೊಂದು ಗುಟುಕು ಕೇಳುವಷ್ಟು ಒಣ. ಈ ಬಿಯರಿನ ಗುಟ್ಟೆಲ್ಲ ಇರುವುದು ಆ ಕೊನೆಯಲ್ಲೇ. ಮನೆಯಲ್ಲಿ ಮಾಡುವವರು ಎಡವುವುದೂ ಅಲ್ಲೇ.

ಪಬ್‌ನ ನಳದಲ್ಲಿ ನೈಟ್ರೋ, ಅಂದರೆ ನೈಟ್ರೋಜನ್ ತುಂಬಿದ ರೂಪವೂ ಸಿಗುತ್ತದೆ. ಕೆನೆಯಂತೆ ಇಳಿಯುತ್ತದೆ ನಿಜ, ಆದರೆ ಕಹಿಯ ಅಂಚು ಮಂಕಾಗುತ್ತದೆ. ಹೋಲಿಸಿ ನೋಡಲು ಬಾಟಲಿಯೇ ಒಳ್ಳೆಯದು. ಒಂದು ಬಾಟಲಿ 355 ಮಿ.ಲೀ., ಅಂದರೆ ಸುಮಾರು 25 ಗ್ರಾಂ ಶುದ್ಧ ಆಲ್ಕೋಹಾಲ್. ಅಮೆರಿಕದ ಲೆಕ್ಕದಲ್ಲಿ ಒಂದು ಡ್ರಿಂಕ್ ಅಂದರೆ 14 ಗ್ರಾಂ, ಹಾಗಾಗಿ ಈ ಪುಟ್ಟ ಬಾಟಲಿ ಹೆಚ್ಚುಕಡಿಮೆ ಎರಡು ಡ್ರಿಂಕ್. ಇಬ್ಬರು ಹಂಚಿಕೊಳ್ಳುವ ಬಾಟಲಿ ಇದು, ಕುಡಿದು ಕಾರು ಹತ್ತುವ ಬಾಟಲಿ ಅಲ್ಲ.

ರಾಸ್ಪುಟಿನ್‌ಗೂ ಸ್ಟೌಟ್‌ಗೂ ಏನು ಸಂಬಂಧ ಅಂತ ಕೇಳಬಹುದು. ನೇರವಾಗಿ ಏನೂ ಇಲ್ಲ, ಇರುವುದು ರಷ್ಯಾದ ನಂಟು. ಹದಿನೆಂಟನೇ ಶತಮಾನದ ಕೊನೆಯಲ್ಲಿ ಲಂಡನ್ನಿನ ಸದರ್ಕ್‌ನಲ್ಲಿದ್ದ ಥ್ರೇಲ್ ಕುಟುಂಬದ ಆಂಕರ್ ಬ್ರೂವರಿಯಿಂದ (1781ರಲ್ಲಿ ಅದು ಬಾರ್ಕ್ಲೇ ಪರ್ಕಿನ್ಸ್ ಕೈಗೆ ಬಂತು) ಗಟ್ಟಿ ಪೋರ್ಟರ್ (ಸ್ಟೌಟಿನ ಮೂಲವಾದ ಕಪ್ಪು ಬಿಯರ್) ರಾಣಿ ಎರಡನೇ ಕ್ಯಾಥರೀನ್‌ಳ ಅರಮನೆಗೆ ಹೋಗುತ್ತಿತ್ತು. ‘ಇಂಪೀರಿಯಲ್’ ಅನ್ನುವ ಹೆಸರು ಅಂಟಿದ್ದು ಹಾಗೆ. ದಾರಿಯಲ್ಲಿ ಹೆಪ್ಪುಗಟ್ಟದಿರಲಿ ಅಂತ ಆಲ್ಕೋಹಾಲ್ ಏರಿಸಿದರು ಎಂಬ ಕತೆಯನ್ನು ಮಾತ್ರ ನಂಬಬೇಡಿ. ಚಳಿಗಾಲದಲ್ಲಿ ಬಾಲ್ಟಿಕ್ ಬಂದರುಗಳೇ ಹಿಮಕಟ್ಟಿ ಮುಚ್ಚಿರುತ್ತಿದ್ದವು, ಹಡಗು ಹೋಗುವುದೆಲ್ಲಿಂದ?

ಇನ್ನು ಮನೆಯ ಕೆಲಸ. ಮೊದಲೇ ಒಂದು ಮಾತು: ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದಾಗಿ ಸ್ವಂತಕ್ಕೆ ಬಿಯರ್ ಮಾಡಿಕೊಳ್ಳಬಹುದು. ಮನೆಯಲ್ಲಿ ವಯಸ್ಕರು ಒಬ್ಬರಿದ್ದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚಿದ್ದರೆ 200. ಕರ್ನಾಟಕದಲ್ಲಿ ಹಾಗಲ್ಲ. 1965ರ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಭಾರತದ ಆಹಾರ ಸುರಕ್ಷತಾ ನಿಯಮದಲ್ಲಿ ಸ್ಟ್ರಾಂಗ್ ಬಿಯರಿಗೂ 8%ರ ಮಿತಿ ಇದೆ, ಆದ್ದರಿಂದ ಬೆಂಗಳೂರಿನ ಬ್ರೂಪಬ್‌ಗಳಲ್ಲಿ ಒಳ್ಳೆಯ ಸ್ಟೌಟ್ ಸಿಕ್ಕರೂ ಈ ಜಾತಿಯ 9–10%ನದು ಸಿಗುವುದಿಲ್ಲ. ಕೆಳಗಿನ ಪಾಕ ಕಾನೂನು ಒಪ್ಪುವ ಊರಲ್ಲಿ ಇರುವವರಿಗೆ.

ಇದು ಕಂಪನಿಯ ಪಾಕವಲ್ಲ, ಅದೇ ಹದಕ್ಕೆ ಕೂಡಿಸಿದ್ದು. 19 ಲೀಟರಿಗೆ ಪೇಲ್ ಮಾಲ್ಟ್ (ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) 7 ಕಿಲೋ, ಬ್ರೌನ್ ಮಾಲ್ಟ್ 400 ಗ್ರಾಂ, ಕ್ರಿಸ್ಟಲ್ 40 ಮತ್ತು ಕ್ರಿಸ್ಟಲ್ 120 ಮಾಲ್ಟ್ (ಅಂಕಿ ಹೆಚ್ಚಾದಷ್ಟೂ ಬಣ್ಣ ಕಡು) ತಲಾ 400 ಗ್ರಾಂ, ಹುರಿದ ಬಾರ್ಲಿ 350 ಗ್ರಾಂ, ಚಾಕೊಲೇಟ್ ಮಾಲ್ಟ್ 300 ಗ್ರಾಂ. ಜೊತೆಗೆ ಒಣ ಮಾಲ್ಟ್ ಪುಡಿ, ಅಂದರೆ ಡಿಎಂಇ, 250 ಗ್ರಾಂ. ಹಾಪ್ಸ್: 13% ಆಲ್ಫಾ ಆಮ್ಲ (ಕಹಿಯ ಮೂಲ) ಇರುವ ಮ್ಯಾಗ್ನಮ್ 57 ಗ್ರಾಂ, ಸೆಂಟೆನಿಯಲ್ 28 ಗ್ರಾಂ. ಗುರಿ: ಹುದುಗುವ ಮೊದಲಿನ ಸಾಂದ್ರತೆ (ನೀರಿನದು 1.000) 1.092, ಕೊನೆಗೆ 1.022, ಕಹಿ 75 ಐಬಿಯು, ಆಲ್ಕೋಹಾಲ್ 9%ರ ಆಸುಪಾಸು. ಕ್ರಿಸ್ಟಲ್ ಮಾಲ್ಟನ್ನು ಇದಕ್ಕಿಂತ ಹೆಚ್ಚಿಸುವ ಆಸೆ ಎಲ್ಲರಿಗೂ ಬರುತ್ತದೆ, ‘ರಿಚ್’ ಆಗಲಿ ಅಂತ. ಬೇಡ. ದಪ್ಪ ಬರುವುದು ಏಳು ಕಿಲೋ ಪೇಲ್ ಮಾಲ್ಟಿನಿಂದಲೇ. ಕ್ರಿಸ್ಟಲ್ ಹೆಚ್ಚಾದರೆ ಬರುವುದು ಯೀಸ್ಟ್ ತಿನ್ನಲಾಗದ ಸಿಹಿ, ಅಷ್ಟೇ.

ಕಾಳು ಒಟ್ಟು 8.85 ಕಿಲೋ ಆಯಿತು. 5 ಗ್ಯಾಲನ್ ಕೂಲರ್‌ನಲ್ಲಿ ಇದು ಹಿಡಿಸುವುದಿಲ್ಲ, 10 ಗ್ಯಾಲನ್ನಿನದೇ ಬೇಕು. 23 ಲೀಟರ್ ನೀರನ್ನು 74 ಡಿಗ್ರಿಗೆ ಕಾಯಿಸಿ ಕಾಳಿಗೆ ಸುರಿದರೆ ಮ್ಯಾಶ್, ಅಂದರೆ ನೀರು-ಕಾಳಿನ ಆ ಗಂಜಿ, 66–67ಕ್ಕೆ ನಿಲ್ಲುತ್ತದೆ. 75 ನಿಮಿಷ ಬಿಡಿ. ‘ದಪ್ಪ ಬಿಯರ್ ಅಲ್ಲವೇ, 69–70ಕ್ಕೆ ಇಡೋಣ’ ಅನ್ನುವ ಸಲಹೆ ಸಣ್ಣ ಸ್ಟೌಟಿಗೆ ಸರಿ. 1.092ರ ವರ್ಟ್‌ಗೆ, ಅಂದರೆ ಹುದುಗುವ ಮೊದಲಿನ ಸಿಹಿ ರಸಕ್ಕೆ, ಹಾಗೆ ಮಾಡಿದರೆ ಕೊನೆಯ ಸಾಂದ್ರತೆ 1.030ರ ಮೇಲೇ ನಿಂತುಬಿಡುತ್ತದೆ.

ನೀರಿನ ವಿಷಯ ಉದಾಸೀನ ಮಾಡಬೇಡಿ. ಹುರಿದ ಕಾಳು ಹುಳಿ ಬಿಡುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಕಡೆಗೆ ಬರುವ ಹೆಚ್ ಹೆಚಿ ಜಲಾಶಯದ ನೀರಿನಂಥ ಮೆದು ನೀರಿನಲ್ಲಿ ಆ ಹುಳಿಯನ್ನು ತಡೆಯುವ ಖನಿಜವೇ ಇರುವುದಿಲ್ಲ, ಪಿಎಚ್ 5.2ಕ್ಕಿಂತ ಕೆಳಗೆ ಜಾರುತ್ತದೆ. ಆಗ ಕಾಫಿಯ ಬದಲು ಒಲೆಯ ಬೂದಿ ನೆಕ್ಕಿದ ರುಚಿ. ಎರಡು ದಾರಿ ಇವೆ. ಹುರಿದ ಬಾರ್ಲಿಯನ್ನೂ ಚಾಕೊಲೇಟ್ ಮಾಲ್ಟನ್ನೂ ಬೇರೆ ಇಟ್ಟು ಮ್ಯಾಶ್‌ನ ಕೊನೆಯ 15 ನಿಮಿಷಕ್ಕೆ ಸೇರಿಸುವುದು ಒಂದು. ಎಲ್ಲ ಒಟ್ಟಿಗೆ ಹಾಕಿ 2–3 ಗ್ರಾಂ ಅಡುಗೆ ಸೋಡಾದಿಂದ ಪಿಎಚ್ಚನ್ನು 5.4–5.5ಕ್ಕೆ ತರುವುದು ಇನ್ನೊಂದು. ಮೊದಲನೆಯದರಲ್ಲಿ ತಪ್ಪಾಗುವ ಸಂಭವ ಕಡಿಮೆ. ಕಪ್ಪು ವರ್ಟ್‌ನಲ್ಲಿ ಪಿಎಚ್ ಪಟ್ಟಿಯ ಬಣ್ಣ ಕಾಣಿಸುವುದೇ ಇಲ್ಲ, ಮೀಟರ್ ಬೇಕು. ಸ್ಯಾಂಪಲ್ ತಣ್ಣಗಾದ ಮೇಲೆ ಅದ್ದಿ.

ಮ್ಯಾಶ್‌ನಿಂದ ಸುಮಾರು 14 ಲೀಟರ್ ಇಳಿಯುತ್ತದೆ, ಉಳಿದದ್ದನ್ನು ಕಾಳೇ ಕುಡಿಯುತ್ತದೆ. 76 ಡಿಗ್ರಿಯ 13 ಲೀಟರ್ ನೀರಿನಲ್ಲಿ ಕಾಳು ತೊಳೆದು ಒಟ್ಟು 27 ಲೀಟರ್ ಮಾಡಿಕೊಳ್ಳಿ. ಈಗ ಸಾಂದ್ರತೆ ನೋಡಿ: 1.062 ಸುತ್ತಮುತ್ತ ಇರಬೇಕು. ಕಾಳು ಇಷ್ಟಿರುವಾಗ ಸಕ್ಕರೆ ಪೂರ್ತಿ ಇಳಿಯುವುದಿಲ್ಲ, ಸಣ್ಣ ಬಿಯರಿನಲ್ಲಿ 75% ಕೊಡುವ ಸಲಕರಣೆಯೂ ಇಲ್ಲಿ 60–65%ಕ್ಕೆ ಬರುತ್ತದೆ. ಅದಕ್ಕೇ ಡಿಎಂಇ ಇನ್ನೊಂದು ಅರ್ಧ ಕಿಲೋ ಕೈಯಲ್ಲಿರಲಿ. ಪ್ರತಿ 100 ಗ್ರಾಂ 19 ಲೀಟರಿಗೆ 2 ಪಾಯಿಂಟ್ (0.002) ಏರಿಸುತ್ತದೆ. 90 ನಿಮಿಷ ಕುದಿ, ಕೊನೆಯ 60 ನಿಮಿಷಕ್ಕೆ ಮ್ಯಾಗ್ನಮ್, ಕೊನೆಯ ಹತ್ತಕ್ಕೆ ಸೆಂಟೆನಿಯಲ್ ಮತ್ತು ಡಿಎಂಇ. 57 ಗ್ರಾಂ ಮ್ಯಾಗ್ನಮ್ ನೋಡಿ ಕೈ ಹಿಂಜರಿಯಬಹುದು. ವರ್ಟ್ ಗಟ್ಟಿಯಾದಷ್ಟೂ ಹಾಪ್ಸ್ ಕಹಿ ಬಿಡುವುದು ಕಡಿಮೆ, ತಿಂಗಳುಗಟ್ಟಲೆ ಇಟ್ಟಾಗ ಇನ್ನಷ್ಟು ತಗ್ಗುತ್ತದೆ. ಕಡಿತ ಮಾಡಿದರೆ ಬಾಟಲಿಯ ಆ ಒಣ ಕೊನೆ ಕೈಗೆ ಸಿಗುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಕೆಲಸ ಯೀಸ್ಟಿನದು. ಒಂದು ಪ್ಯಾಕೆಟ್ ಸಾಲದು. ಯುಎಸ್-05 ಎಂಬ ಒಣ ಯೀಸ್ಟ್ ಆದರೆ 11.5 ಗ್ರಾಮಿನ ಎರಡು ಪ್ಯಾಕೆಟ್ ಕನಿಷ್ಠ, ಮೂರಾದರೆ ನಿಶ್ಚಿಂತೆ. ಅದಕ್ಕಿಂತಲೂ ಒಳ್ಳೆಯದು, ಮೊದಲು 1.045ರ ಪೇಲ್ ಏಲ್ ಎಂಬ ಹಗುರ ಬಿಯರ್ ಒಂದು ಮಾಡಿ ಅದರ ತಳದಲ್ಲಿ ಕೂತ ಯೀಸ್ಟ್‌ನಲ್ಲಿ ಅರ್ಧ ತೆಗೆದು ಇದಕ್ಕೆ ಹಾಕುವುದು. ದೋಸೆ ಹಿಟ್ಟಿಗೆ ಹಿಂದಿನ ದಿನದ ಹಿಟ್ಟು ಸೇರಿಸಿದ ಹಾಗೆ. ಸಿಲಿಂಡರ್ ಇದ್ದರೆ ಶುದ್ಧ ಆಮ್ಲಜನಕವನ್ನು ನಿಮಿಷಕ್ಕೆ 1 ಲೀಟರಿನಂತೆ 90 ಸೆಕೆಂಡ್ ಹಾಯಿಸಿ, 12 ಗಂಟೆಯ ನಂತರ ಮತ್ತೊಮ್ಮೆ ಅಷ್ಟೇ. ಅದಕ್ಕಿಂತ ತಡವಾಗಿ ಹಾಯಿಸಿದರೆ ಉಪಕಾರವಲ್ಲ, ಅಪಕಾರ.

ಮೊದಲ ಮೂರು ದಿನ 18 ಡಿಗ್ರಿ ಅಂದರೆ ಬಕೆಟ್ಟಿನ ಒಳಗಿನ 18, ಕೋಣೆಯದಲ್ಲ. ಹುದುಗು ಏರಿದಾಗ ಒಳಗೆ 3–5 ಡಿಗ್ರಿ ಹೆಚ್ಚಿರುತ್ತದೆ. 25 ದಾಟಿದರೆ ಗಂಟಲು ಸುಡುವ ಸಾರಾಯಿ ಘಾಟು ಬರುತ್ತದೆ, ಅದು ವರ್ಷ ಇಟ್ಟರೂ ಪೂರ್ತಿ ಹೋಗುವುದಿಲ್ಲ. ನೀರು ತುಂಬಿದ ಟಬ್ಬಿನಲ್ಲಿ ಬಕೆಟ್ ಇಟ್ಟು ಐಸ್ ಬಾಟಲಿ ಬದಲಿಸುತ್ತಿದ್ದರೆ ಸಾಕು. ನಾಲ್ಕನೇ ದಿನದಿಂದ ಉಲ್ಟಾ, 21ಕ್ಕೆ ಏರಲು ಬಿಡಿ. ಬಕೆಟ್ 25 ಲೀಟರಿನದಿದ್ದರೂ ಸಣ್ಣ ಏರ್‌ಲಾಕ್ ನೆಚ್ಚಬೇಡಿ. ಎರಡನೇ ರಾತ್ರಿ ಕಪ್ಪು ನೊರೆ ನುಗ್ಗಿ ಅದು ಕಟ್ಟಿಕೊಂಡರೆ ಮುಚ್ಚಳ ಹಾರಿ ಸೀಲಿಂಗಿಗೆ ಬಣ್ಣ ಬಳಿದಂತಾಗುತ್ತದೆ. ದಪ್ಪ ಬ್ಲೋ-ಆಫ್ ಟ್ಯೂಬ್ ಹಾಕಿ ಅದರ ತುದಿಯನ್ನು ಸ್ಯಾನಿಟೈಸರ್ ಇರುವ ಜಗ್ಗಿನಲ್ಲಿ ಮುಳುಗಿಸಿಡಿ.

ಎರಡು ವಾರ ಕಳೆದ ಮೇಲೆ ‘ಹುದುಗು ನಿಂತುಹೋಗಿದೆ’ ಅಂತ ಗಾಬರಿಯಾಗುವವರಲ್ಲಿ ಹಲವರು ಅಳತೆಯಲ್ಲೇ ಸೋತಿರುತ್ತಾರೆ. ಬೆಳಕು ಬಾಗುವುದರಿಂದ ಸಕ್ಕರೆ ಅಳೆಯುವ ರಿಫ್ರಾಕ್ಟೋಮೀಟರ್ 12 ಬ್ರಿಕ್ಸ್ (ಸಕ್ಕರೆಯ ಶೇಕಡಾ ಅಳತೆ) ತೋರಿಸುತ್ತದೆ, ಅದನ್ನು ನೇರವಾಗಿ 1.048 ಅಂತ ಓದಿಕೊಳ್ಳುತ್ತಾರೆ. ಆಲ್ಕೋಹಾಲ್ ಸೇರಿದ ದ್ರವದಲ್ಲಿ ಆ ಲೆಕ್ಕ ನಡೆಯುವುದಿಲ್ಲ. 22 ಬ್ರಿಕ್ಸ್‌ನಲ್ಲಿ ಶುರುವಾದ ಬಿಯರಿನಲ್ಲಿ 12 ಅಂದರೆ ನಿಜಕ್ಕೂ 1.021–1.022, ಅಂದರೆ ಕೆಲಸ ಮುಗಿದಿದೆ! ದ್ರವದಲ್ಲಿ ತೇಲಿಸಿ ಸಾಂದ್ರತೆ ಓದುವ ಹೈಡ್ರೋಮೀಟರ್ ಬಳಸಿ. ಅದರಲ್ಲೂ 1.035ಕ್ಕೇ ನಿಂತಿದ್ದರೆ ಒಣ ಯೀಸ್ಟ್ ಮೇಲೆ ಉದುರಿಸಿ ಪ್ರಯೋಜನವಿಲ್ಲ, 8% ಆಲ್ಕೋಹಾಲಿಗೆ ಬಿದ್ದ ಯೀಸ್ಟ್ ಏಳುವುದೇ ಕಷ್ಟ. ಬೇರೆ ಪಾತ್ರೆಯಲ್ಲಿ ಒಂದು ಲೀಟರ್ ಸ್ಟಾರ್ಟರ್ (ಯೀಸ್ಟ್ ಬೆಳೆಸಿದ ಸಣ್ಣ ವರ್ಟ್) ಮಾಡಿ, ಅದು ನೊರೆಯೆದ್ದು ಕೆಲಸ ಮಾಡುತ್ತಿರುವಾಗಲೇ ಸುರಿಯಿರಿ, ಬಕೆಟ್ಟನ್ನು 22ಕ್ಕೆ ತನ್ನಿ.

ಆಮೇಲೆ ಕಾಯುವುದು. ಲೇಬಲ್ಲಿನ ಮೇಲೆ ರಾಸ್ಪುಟಿನ್ ಸುತ್ತ ರಷ್ಯನ್ ಭಾಷೆಯಲ್ಲಿ ಒಂದು ಗಾದೆ ಇದೆ, ನಿಜವಾದ ಗೆಳೆಯ ದಿಢೀರನೆ ಹುಟ್ಟುವುದಿಲ್ಲ ಅಂತ. ಮೂರು ವಾರ ಬಕೆಟ್ಟಿನಲ್ಲಿ, ಎರಡು ಮೂರು ತಿಂಗಳು ಗಾಳಿಯಾಡದ ಕೆಗ್ ಅಥವಾ ಬಾಯಿವರೆಗೆ ತುಂಬಿದ ಗಾಜಿನ ಜಾಡಿಯಲ್ಲಿ. ವರ್ಗಾಯಿಸುವಾಗ ಪೈಪಿನ ತುದಿ ತುಂಬುವ ಪಾತ್ರೆಯ ತಳ ಮುಟ್ಟಿರಲಿ, ಗಾಳಿ ಸೇರಿದರೆ ಆರು ತಿಂಗಳಿಗೆ ಸೋಯಾ ಸಾಸ್ ರುಚಿ. ಬಾಟಲಿಗೆ ತುಂಬುವ ದಿನ ಇಡೀ 19 ಲೀಟರಿಗೆ 85–90 ಗ್ರಾಂ ಸಕ್ಕರೆ ಸಾಕು. ಇಷ್ಟು ದಿನದಲ್ಲಿ ಹಳೆಯ ಯೀಸ್ಟ್ ಸೋತಿರುತ್ತದೆ, ಬಾಟಲಿಯಲ್ಲಿ ಗ್ಯಾಸ್ ಹಿಡಿಸಲೆಂದೇ ಇರುವ ಸಿಬಿಸಿ-1 ಯೀಸ್ಟ್ 2 ಗ್ರಾಂ ನೆನೆಸಿ ಸೇರಿಸದಿದ್ದರೆ ಬಾಟಲಿಯಲ್ಲಿ ಗ್ಯಾಸ್ ಹಿಡಿಯದೆ ಸಪ್ಪೆಯಾಗುವ ಅಪಾಯವಿದೆ.

ಕಾಫಿ ಹಾಕುವ ಆಸೆ ಇದ್ದರೆ ಊರಿಂದ ಬಂದ ಫಿಲ್ಟರ್ ಕಾಫಿ ಪುಡಿ ಮುಟ್ಟಬೇಡಿ, ಅದರಲ್ಲಿ ಹೆಚ್ಚಾಗಿ ಚಿಕೋರಿ ಇರುತ್ತದೆ. ಚಿಕ್ಕಮಗಳೂರಿನ ಅರೇಬಿಕಾ ಹುರಿದ ಬೀಜವೇ ಆಗಲಿ, ಪುಡಿ ಮಾಡದೆ 60 ಗ್ರಾಂ, ಬಾಟಲಿಗೆ ತುಂಬುವ ಹಿಂದಿನ ದಿನ, 24 ಗಂಟೆ ಮಾತ್ರ. ವಾರಗಟ್ಟಲೆ ಬಿಟ್ಟರೆ ದಪ್ಪ ಮೆಣಸಿನಕಾಯಿ ಹೆಚ್ಚಿದ ವಾಸನೆ ಬರುತ್ತದೆ. ಮೊದಲ ಸಲವಂತೂ ಏನನ್ನೂ ಹಾಕಬೇಡಿ. ಬರಿಯ ಬಿಯರ್ ಹೇಗಿದೆ ಅಂತ ಗೊತ್ತಾಗದೆ ಹೋಲಿಕೆ ಸಾಧ್ಯವಿಲ್ಲ.

ನಿಮ್ಮದನ್ನೂ ಅಂಗಡಿಯದನ್ನೂ ಒಂದೇ ಬಗೆಯ ಎರಡು ಗ್ಲಾಸಿನಲ್ಲಿ, 12 ಡಿಗ್ರಿಯಲ್ಲಿ, ಪಕ್ಕಪಕ್ಕ ಸುರಿಯಿರಿ. ಬಣ್ಣ ನೋಡಿ ಹಿಗ್ಗಬೇಡಿ, ಕಪ್ಪು ಮಾಡುವುದು ಸುಲಭ. ನುಂಗಿ ಹತ್ತು ಎಣಿಸಿ. ತುಟಿ ಅಂಟಿದರೆ ಹುದುಗು ಪೂರ್ತಿಯಾಗಿಲ್ಲ ಅಥವಾ ಕ್ರಿಸ್ಟಲ್ ಜಾಸ್ತಿ. ನಾಲಿಗೆಯ ಹಿಂಬದಿ ಒಗರಾಗಿ ಬೂದಿ ಅನ್ನಿಸಿದರೆ ಪಿಎಚ್. ಎದೆಯಲ್ಲಿ ಬಿಸಿ ಇಳಿದರೆ ಮೊದಲ ಮೂರು ದಿನದ ಉಷ್ಣಾಂಶ. ಜೊತೆಗೆ ತಿನ್ನಲು ಖಾರ ಇಡಬೇಡಿ, 9% ಆಲ್ಕೋಹಾಲ್ ಮೆಣಸಿನ ಉರಿಯನ್ನು ಎರಡರಷ್ಟು ಮಾಡಿದಂತೆ ಅನ್ನಿಸುತ್ತದೆ. ಖಾರ ತಗ್ಗಿಸಿ, ಕಾಚಂಪುಳಿ ಮುಂದಾಗಿ ಮಾಡಿದ ಕೊಡಗಿನ ಪಂದಿ ಕರಿ ಇದಕ್ಕೆ ಹೇಳಿ ಮಾಡಿಸಿದ್ದು. ಅದಿಲ್ಲದಿದ್ದರೆ ಎರಡು ಖರ್ಜೂರ ಸಾಕು.